ಮಲ್ಲಿಗೆಯಂಥ ಅನ್ನ

ಮದುವೆಯ ಮನೆಯಲ್ಲಿ ಊಟಕ್ಕೆ ಕುಳಿತವರು ಮೊದಲು ಅಳೆಯುವುದು ಪಲ್ಯವನ್ನಲ್ಲ, ಪಾಯಸವನ್ನೂ ಅಲ್ಲ, ಅನ್ನವನ್ನು. ಅಗುಳಿಗೆ ಅಗುಳು ಅಂಟದೆ, ಹಬೆಯಾಡುತ್ತ, ಬಾಳೆಯೆಲೆಯ ಹಸುರಿನ ಮೇಲೆ ಬೆಳ್ಳಗೆ ಹರಡಿಕೊಂಡ ಅನ್ನವನ್ನು ಕಂಡು ಹಿರಿಯರೊಬ್ಬರು “ಮಲ್ಲಿಗೆ ಅರಳಿದ ಹಾಗಿದೆ” ಎಂದರೆ ಅಡಿಗೆಯವನ ಶ್ರಮ ಸಾರ್ಥಕವಾಯಿತು. ಅದೇ ಅನ್ನ ತುಸು ಕೆಂಪಗೆ, ತುಸು ಒರಟಾಗಿ ಬಂದಿದ್ದರೆ ಬೀಗರ ಮುಂದೆ ತಲೆಯೆತ್ತುವಂತಿಲ್ಲ. ಹಳೆಯ ಮೈಸೂರಿನ ಬಯಲುಸೀಮೆಯಲ್ಲಿ ರಾಗಿಯ ಮುದ್ದೆ ನಿತ್ಯದ ಊಟವಾಗಿದ್ದು, ನೆಲ್ಲಕ್ಕಿಯ ಅನ್ನವೆಂಬುದು ಹಬ್ಬಹರಿದಿನಗಳ ಭೋಗವಾಗಿದ್ದ ಕಾಲವೊಂದಿತ್ತು. ಆ ಕಾಲ ಕಳೆದರೂ ಅಂದಿನ ಭಾವನೆ ಅಳಿದಿಲ್ಲ. ಅಕ್ಕಿ ಬೆಳ್ಳಗಾದಷ್ಟೂ ಮನೆಯ ಅಂತಸ್ತು ಮೇಲಕ್ಕೇರುತ್ತದೆಂದು ನಂಬುವ ಸಂಸಾರಗಳು ಪಟ್ಟಣಗಳಲ್ಲಿ ಇಂದಿಗೂ ಕಡಮೆಯಿಲ್ಲ.

ಆದರೆ ಈ ಬಿಳುಪು ಅಕ್ಕಿಗೆ ಹುಟ್ಟಿನಿಂದ ಬಂದುದಲ್ಲ. ಭತ್ತದ ಹೊರಗಿನ ಉಮಿಯನ್ನು ಬಿಡಿಸಿದೊಡನೆ ಕಾಣುವ ಕಾಳು ಕಂದುಬಣ್ಣದ್ದು. ತೆಳುವಾದ ಪೊರೆಯೊಂದು ಅದನ್ನು ಸುತ್ತಿಕೊಂಡಿರುತ್ತದೆ. ಒಂದು ತುದಿಯಲ್ಲಿ, ಮುಂದೆ ಸಸಿಯಾಗಬೇಕಾದ ಮೊಳಕೆ ಅಡಗಿರುತ್ತದೆ. ಒರಳು ಒನಕೆಗಳ ದಿನಗಳಲ್ಲಿ ಎಷ್ಟು ಕುಟ್ಟಿದರೂ ಆ ಪೊರೆಯ ಒಂದಂಶ ಕಾಳಿನಲ್ಲಿಯೇ ಉಳಿಯುತ್ತಿತ್ತು. ಗಿರಣಿಯ ಯಂತ್ರಕ್ಕೆ ಅಂತಹ ದಾಕ್ಷಿಣ್ಯವಿಲ್ಲ. ಅದು ಪೊರೆಯನ್ನೂ ಮೊಳಕೆಯನ್ನೂ ಉಜ್ಜಿ ತೆಗೆದು ಕಾಳಿಗೆ ಮುತ್ತಿನ ಹೊಳಪನ್ನು ಕೊಡುತ್ತದೆ. ಉಜ್ಜಿದ ಪುಡಿಯೇ ತವುಡು. ತವುಡು ಕೊಟ್ಟಿಗೆಯ ಪಾಲು. ಅಡಿಗೆಮನೆಯಲ್ಲಿ ಅಕ್ಕಿಯನ್ನು ಮೂರು ನಾಲ್ಕು ಸಲ ತೊಳೆದು ಚೆಲ್ಲುವ ಅಕ್ಕಚ್ಚು ಸಹ, ಹಸುವಿದ್ದ ಮನೆಯಲ್ಲಿ, ಹಸುವಿನ ಪಾಲೇ. ಹೀಗೆ ಒಂದೇ ಕಾಳಿನಲ್ಲಿ ಕೊಟ್ಟಿಗೆಗೆ ಹೋದ ಭಾಗವೇನು, ಎಲೆಗೆ ಬಂದ ಭಾಗವೇನು ಎಂಬ ಲೆಕ್ಕವನ್ನು ಬಹುಕಾಲ ಯಾರೂ ಹಾಕಿರಲಿಲ್ಲ. ಲೆಕ್ಕ ಹಾಕುವಂತೆ ಮಾಡಿದವು ಕೆಲವು ಕೋಳಿಗಳು.

ಕೋಳಿಗಳು ಕಲಿಸಿದ ಪಾಠ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪೂರ್ವ ದೇಶಗಳನ್ನು ಬೆರಿಬೆರಿ ಎಂಬ ರೋಗ ಕಾಡುತ್ತಿತ್ತು. ಕಾಲುಗಳಲ್ಲಿ ಜೋಮು ಹಿಡಿದಂತಾಗಿ ಆರಂಭವಾಗುವ ಈ ವ್ಯಾಧಿ ಬರಬರುತ್ತ ನಡಿಗೆಯನ್ನೇ ಕಸಿದುಕೊಳ್ಳುತ್ತಿತ್ತು. ಕೆಲವರಿಗೆ ಮೈಯೆಲ್ಲ ಊದಿ, ಎದೆ ಡವಗುಟ್ಟಿ, ಗುಂಡಿಗೆ ಸೋತು ಮರಣ ಸಂಭವಿಸುತ್ತಿತ್ತು. ವಿಚಿತ್ರವೆಂದರೆ, ಸಾಯುತ್ತಿದ್ದವರು ಹಸಿದವರಲ್ಲ. ಸೈನಿಕರು, ನಾವಿಕರು, ಸೆರೆಮನೆಯ ಕೈದಿಗಳು—ದಿನಕ್ಕೆರಡು ಹೊತ್ತು ಹೊಟ್ಟೆತುಂಬ ಅನ್ನವುಣ್ಣುತ್ತಿದ್ದವರು.

ಡಚ್ಚರ ವಶದಲ್ಲಿದ್ದ ಜಾವಾ ದ್ವೀಪದ ಬಟೇವಿಯಾ ನಗರಕ್ಕೆ, ಅಂದರೆ ಈಗಿನ ಜಕಾರ್ತಾಕ್ಕೆ, ಈ ರೋಗದ ಕ್ರಿಮಿಯನ್ನು ಹುಡುಕುವುದಕ್ಕಾಗಿ 1886ರಲ್ಲಿ ಬಂದ ವೈದ್ಯರ ತಂಡದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ತರುಣನಿದ್ದ. ಎಲ್ಲ ರೋಗಗಳಿಗೂ ಒಂದೊಂದು ಕ್ರಿಮಿಯನ್ನು ಹುಡುಕುತ್ತಿದ್ದ ಕಾಲವದು. ತಂಡದ ಹಿರಿಯರು ಹಿಂದಿರುಗಿದ ಮೇಲೆಯೂ ಐಕ್‌ಮನ್ ಸೈನಿಕ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಉಳಿದುಕೊಂಡ. ಅಲ್ಲಿ ಪ್ರಯೋಗಕ್ಕೆಂದು ಸಾಕಿದ್ದ ಕೋಳಿಗಳು ಒಂದು ದಿನ ಕಾಲು ಸೋತು, ಓಲಾಡಿ, ಬೀಳತೊಡಗಿದವು. ರೋಗಿಗಳ ಲಕ್ಷಣಗಳೇ ಅವುಗಳಲ್ಲಿಯೂ ಕಂಡವು. ಆದರೆ ಕೆಲವು ತಿಂಗಳ ಮೇಲೆ, ಯಾವ ಔಷಧವನ್ನೂ ಕೊಡದೆ, ಅವು ತಾವಾಗಿಯೇ ಚೇತರಿಸಿಕೊಂಡವು!

ವಿಚಾರಿಸಿದಾಗ ತಿಳಿದುಬಂದ ಸಂಗತಿ ಇಷ್ಟೆ. ಕೋಳಿಗಳನ್ನು ನೋಡಿಕೊಳ್ಳುತ್ತಿದ್ದವನು ಆಸ್ಪತ್ರೆಯ ಅಡಿಗೆಮನೆಯಲ್ಲಿ ಮಿಕ್ಕ ಬಿಳಿಯ ಅನ್ನವನ್ನು ತಂದು ಹಾಕುತ್ತಿದ್ದ. ಅಷ್ಟರಲ್ಲಿ ಅಡಿಗೆಯವನು ಬದಲಾದ. ಹೊಸಬ ನಿಯಮದ ಮನುಷ್ಯ. ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲೊಲ್ಲೆನೆಂದ. ಬೇರೆ ದಾರಿಯಿಲ್ಲದೆ ಕೋಳಿಗಳಿಗೆ ಪಾಲಿಶ್ ಮಾಡದ ಅಗ್ಗದ ಅಕ್ಕಿ ಬಂತು, ಆರೋಗ್ಯವೂ ಬಂತು. ಜಿಪುಣನೊಬ್ಬನ ಹಟದಿಂದ ಲೋಕಕ್ಕೆ ಇಷ್ಟು ದೊಡ್ಡ ಉಪಕಾರವಾದ ಉದಾಹರಣೆ ಮತ್ತೊಂದಿರಲಾರದು. ತವುಡನ್ನು ತಿನ್ನಿಸಿದರೆ ಕೋಳಿಯ ರೋಗ ವಾಸಿಯಾಗುವುದೆಂಬುದನ್ನು ಐಕ್‌ಮನ್ ಮತ್ತೆ ಮತ್ತೆ ಪರೀಕ್ಷಿಸಿ ನೋಡಿದ.

ಕೋಳಿಗೆ ಒಪ್ಪಿದ್ದು ಮನುಷ್ಯನಿಗೂ ಒಪ್ಪೀತೇ? ಜಾವಾ ಮತ್ತು ಮದುರಾ ದ್ವೀಪಗಳ ಸೆರೆಮನೆಗಳ ಮೇಲ್ವಿಚಾರಣೆ ನಡೆಸುತ್ತಿದ್ದ ಫೋರ್ಡರ್‌ಮನ್ ಎಂಬ ವೈದ್ಯ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು 101 ಸೆರೆಮನೆಗಳ ಲೆಕ್ಕವನ್ನು ತೆಗೆದ. ಪೊರೆಯುಳ್ಳ ಅಕ್ಕಿಯನ್ನು ಉಣ್ಣುತ್ತಿದ್ದ ಕಡೆ ಹತ್ತು ಸಾವಿರ ಕೈದಿಗಳಲ್ಲಿ ಒಬ್ಬನಿಗೆ ಬೆರಿಬೆರಿ. ಬಿಳಿಯ ಅಕ್ಕಿಯನ್ನು ಉಣ್ಣುತ್ತಿದ್ದ ಕಡೆ 39 ಮಂದಿಯಲ್ಲಿ ಒಬ್ಬನಿಗೆ. ಕಟ್ಟಡದ ಗಾಳಿ ಬೆಳಕು, ಜನಸಂದಣಿ ಇವೆಲ್ಲವನ್ನೂ ಅವನು ತೂಗಿ ನೋಡಿದ್ದ. ಅಂತರಕ್ಕೆ ಅವು ಕಾರಣವಾಗಿರಲಿಲ್ಲ.

ಇಷ್ಟಾದರೂ ಐಕ್‌ಮನ್ ತಾನು ಕಂಡದ್ದರ ಅರ್ಥವನ್ನು ಸರಿಯಾಗಿ ಹಿಡಿಯಲಿಲ್ಲ. ಅನ್ನದ ಹಿಟ್ಟಿನಲ್ಲಿ ಯಾವುದೋ ವಿಷವಿದೆ, ತವುಡು ಅದಕ್ಕೆ ಪ್ರತ್ಯೌಷಧ ಎಂದು ಅವನು ನಂಬಿದ್ದ. ಅನ್ನದಲ್ಲಿ ವಿಷವೇನೂ ಇಲ್ಲ, ಇರಬೇಕಾದದ್ದೊಂದು ಇಲ್ಲ, ಆ ಇಲ್ಲದಿರುವಿಕೆಯೇ ರೋಗ ಎಂದು 1901ರಲ್ಲಿ ಸಾರಿದವನು ಅವನ ನಂತರ ಅದೇ ಪ್ರಯೋಗಶಾಲೆಗೆ ಬಂದ ಖೆರಿಟ್ ಖ್ರೈನ್ಸ್. ಇದ್ದುದರಿಂದ ಬರುವ ರೋಗವನ್ನು ಮಾತ್ರ ಬಲ್ಲ ವೈದ್ಯಲೋಕಕ್ಕೆ ಇಲ್ಲದುದರಿಂದಲೂ ರೋಗ ಬರುವುದೆಂಬುದು ಅರಗದ ಮಾತಾಗಿತ್ತು. 1912ರಲ್ಲಿ ಕ್ಯಾಸಿಮಿರ್ ಫಂಕ್ ಇಂತಹ ವಸ್ತುಗಳಿಗೆ ‘ವಿಟಮಿನ್’ ಎಂಬ ಹೆಸರನ್ನಿಟ್ಟ. ತವುಡಿನೊಳಗಿನ ಆ ವಸ್ತುವಿನ ಹರಳುಗಳನ್ನು ಬೇರ್ಪಡಿಸಿ ಕಣ್ಣಿಗೆ ಕಾಣುವಂತೆ ಮಾಡಿದ್ದು 1926ರಲ್ಲಿ, ಅದೂ ಬಟೇವಿಯಾದಲ್ಲಿಯೇ. 1929ರಲ್ಲಿ ಐಕ್‌ಮನ್‌ನಿಗೆ ನೊಬೆಲ್ ಪಾರಿತೋಷಕದ ಅರ್ಧ ಪಾಲು ದೊರೆತಾಗ, ಸಮಾರಂಭಕ್ಕೆ ಹೋಗುವಷ್ಟು ಶಕ್ತಿಯೂ ಆ ವೃದ್ಧನಲ್ಲಿ ಉಳಿದಿರಲಿಲ್ಲ.

ಬಟೇವಿಯಾಕ್ಕಿಂತ ಮೊದಲೇ ಜಪಾನಿನಲ್ಲಿ ಅರ್ಧ ಸತ್ಯ ಸಿಕ್ಕಿತ್ತು. 1882ರಲ್ಲಿ ಹೊರಟ ಒಂದು ಯುದ್ಧನೌಕೆಯ 376 ಮಂದಿಯಲ್ಲಿ 169 ಮಂದಿ ಬೆರಿಬೆರಿಯಿಂದ ಮಲಗಿ 25 ಮಂದಿ ಸತ್ತುದನ್ನು ಕಂಡ ನೌಕಾವೈದ್ಯ ತಕಾಕಿ ಕನೆಹಿರೋ, ಅನ್ನವನ್ನು ಕಡಮೆ ಮಾಡಿಸಿ, ಮಾಂಸ, ಕಾಳು, ಜವೆಗೋಧಿಗಳನ್ನು ಕೊಡಿಸಿ, ಅದೇ ಮಾರ್ಗದಲ್ಲಿ 1884ರಲ್ಲಿ ಇನ್ನೊಂದು ನೌಕೆಯನ್ನು ಕಳುಹಿಸಿದ. ಬೆರಳೆಣಿಕೆಯ ಮಂದಿಗೆ ರೋಗ ಸೋಂಕಿತು, ಒಬ್ಬನೂ ಸಾಯಲಿಲ್ಲ. ನೌಕಾಪಡೆ ಒಪ್ಪಿತು. ಭೂಸೇನೆಯ ವೈದ್ಯರು ಮಾತ್ರ ಒಪ್ಪಲಿಲ್ಲ. ಬಿಳಿಯ ಅನ್ನವೇ ಯೋಧನಿಗೆ ತಕ್ಕ ಊಟವೆಂಬ ಹಟದ ಬೆಲೆಯನ್ನು 1904-05ರ ರಷ್ಯಾ ಯುದ್ಧದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜಪಾನೀ ಸೈನಿಕರು ತೆತ್ತರು. ಅವರನ್ನು ಕೊಂದುದು ಶತ್ರುವಿನ ಗುಂಡಲ್ಲ, ಬೆರಿಬೆರಿ.

ತಾಯಿ ಉಂಡದ್ದು, ಮಗು ಕುಡಿದದ್ದು

ಅನ್ನದ ಒಂದಗುಳನ್ನೂ ಮುಟ್ಟದವರಿಗೆ ಈ ರೋಗ ಬರಬಾರದಷ್ಟೆ? ಫಿಲಿಪ್ಪೀನ್ಸ್ ದ್ವೀಪಗಳ ಮನಿಲಾ ನಗರದಲ್ಲಿ ಎರಡು ಮೂರು ತಿಂಗಳ ಹಸುಗೂಸುಗಳು ಸಾಲುಸಾಲಾಗಿ ಸಾಯುತ್ತಿದ್ದುವು. ಗುಂಡುಗುಂಡಾಗಿ ಆಡಿಕೊಂಡಿದ್ದ ಕೂಸು ಇದ್ದಕ್ಕಿದ್ದಂತೆ ಮೊಲೆಯುಣ್ಣುವುದನ್ನು ಬಿಟ್ಟು, ವಾಂತಿ ಮಾಡಿ, ದನಿ ಉಡುಗಿ, ಮೇಲುಸಿರು ಬಿಡುತ್ತ, ಒಂದೆರಡು ದಿನಗಳಲ್ಲಿ ಕಣ್ಣು ಮುಚ್ಚುತ್ತಿತ್ತು. ತಾಯಂದಿರು ಉಣ್ಣುತ್ತಿದ್ದುದು ಬಿಳಿಯ ಅನ್ನ. ಅವರ ಹಾಲಿನಲ್ಲಿ ಎಲ್ಲವೂ ಇತ್ತು, ಆ ಒಂದು ವಸ್ತುವಿನ ಹೊರತು.

ಅಮೆರಿಕದ ಸೈನ್ಯದ ವೈದ್ಯ ಎಡ್ವರ್ಡ್ ವೆಡ್ಡರ್ 1910ರಲ್ಲಿ ಅಲ್ಲಿಯ ತರುಣ ರಸಾಯನಶಾಸ್ತ್ರಜ್ಞ ರಾಬರ್ಟ್ ವಿಲಿಯಮ್ಸ್‌ನ ಕೈಗೆ ತವುಡಿನಿಂದ ತೆಗೆದ ಕಂದು ಕಷಾಯದ ಸೀಸೆಯೊಂದನ್ನು ಕೊಟ್ಟು, ಇದರೊಳಗೆ ಇರುವುದೇನೆಂದು ಹುಡುಕಲು ಹೇಳಿದ. ವಿಲಿಯಮ್ಸ್ ಪಾದ್ರಿ ದಂಪತಿಗಳ ಮಗ. ಹುಟ್ಟಿದ್ದು ಭತ್ತದ ನಾಡಾದ ನೆಲ್ಲೂರಿನಲ್ಲಿ. ಸಾಯುವ ಸ್ಥಿತಿಯಲ್ಲಿದ್ದ ಕೂಸುಗಳ ಬಾಯಿಗೆ ಆ ಕಷಾಯವನ್ನು ತೊಟ್ಟುತೊಟ್ಟಾಗಿ ಬಿಟ್ಟಾಗ ಕೆಲವೇ ಗಂಟೆಗಳಲ್ಲಿ ಉಸಿರು ಹತೋಟಿಗೆ ಬಂದು ಅವು ಮತ್ತೆ ಹಾಲಿಗೆ ಬಾಯಿಡುತ್ತಿದ್ದುವು. ಆ ದೃಶ್ಯವನ್ನು ಕಂಡವನು ಅದನ್ನು ಮರೆಯಲಿಲ್ಲ. ಮುಂದೆ ಅಮೆರಿಕದ ಟೆಲಿಫೋನ್ ಸಂಸ್ಥೆಯೊಂದರಲ್ಲಿ ಉದ್ಯೋಗ ಮಾಡುತ್ತ, ಬಿಡುವಿನ ವೇಳೆಯಲ್ಲಿ ಅದರ ಬೆನ್ನು ಹತ್ತಿ, 26 ವರ್ಷಗಳ ನಂತರ 1936ರಲ್ಲಿ ಆ ವಸ್ತುವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿಯೇ ಬಿಟ್ಟ. ಥಯಮಿನ್, ಅಂದರೆ ‘ಬಿ-1’ ಜೀವಸತ್ವ, ಅಂದಿನಿಂದ ಅಂಗಡಿಯಲ್ಲಿ ಸಿಗುವ ಮಾತ್ರೆಯಾಯಿತು.

ಈ ಜೀವಸತ್ವದ ಕೆಲಸ, ಅನ್ನವನ್ನು ಮೈಯೊಳಗೆ ಶಕ್ತಿಯಾಗಿ ಉರಿಸುವುದಕ್ಕೆ ನೆರವಾಗುವುದು. ಒಲೆಯ ತುಂಬ ಸೌದೆ ತುರುಕಿ ಬೆಂಕಿಕಡ್ಡಿ ಗೀರದಿದ್ದರೆ ಹೇಗೋ, ಇದಿಲ್ಲದ ಅನ್ನವೂ ಹಾಗೆ. ಅನ್ನ ಹೆಚ್ಚಾದಷ್ಟೂ ಇದರ ಅಗತ್ಯವೂ ಹೆಚ್ಚುತ್ತದೆ. ಬಿಡುವಿಲ್ಲದೆ ದುಡಿಯುವ ಗುಂಡಿಗೆ ಮತ್ತು ನರಗಳು ಮೊದಲು ಸೋಲುತ್ತವೆ. ದೇಹದಲ್ಲಿ ಇದರ ದಾಸ್ತಾನು ಎರಡು ಮೂರು ವಾರಗಳಿಗಿಂತ ಹೆಚ್ಚು ಬಾಳುವುದಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು ಒಂದೂವರೆ ಮಿಲಿಗ್ರಾಂ, ಹಾಲೂಡುವ ತಾಯಿಗೆ ಸುಮಾರು 2 ಮಿಲಿಗ್ರಾಂ. ನೂರು ಗ್ರಾಂ ತವುಡಿನಲ್ಲಿ 2.7 ಮಿಲಿಗ್ರಾಂ ಇದ್ದರೆ, ಅಷ್ಟೇ ತೂಕದ ಗಿರಣಿಯ ಬಿಳಿಯಕ್ಕಿಯಲ್ಲಿ ಉಳಿಯುವುದು 0.06. ಅರ್ಧ ಕಿಲೋ ಅಕ್ಕಿಯ ಅನ್ನವನ್ನು ಉಂಡರೂ ಲೆಕ್ಕ ತುಂಬುವಂತಿಲ್ಲ. ಅದೂ ತೊಳೆಯುವುದಕ್ಕೆ ಮುಂಚಿನ ಲೆಕ್ಕ! ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುವಾದುದರಿಂದ ಅಕ್ಕಚ್ಚಿನೊಡನೆ ಒಂದಿಷ್ಟು, ಬಸಿದ ಗಂಜಿಯೊಡನೆ ಇನ್ನೊಂದಿಷ್ಟು ಹೊರಟುಹೋಗುತ್ತದೆ.

ಕರಾವಳಿಯ ಗಂಜಿ

ಅನ್ನವುಣ್ಣುವ ಭಾರತೀಯರೆಲ್ಲರಿಗೂ ಬೆರಿಬೆರಿ ಏಕೆ ಬರಲಿಲ್ಲ? ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಕಟ್ಟಿ ಬೆಳೆಸಿದ ಆಹಾರ ಸಂಶೋಧನಾಲಯ (1958ರಲ್ಲಿ ಅದು ಹೈದರಾಬಾದಿಗೆ ಸ್ಥಳಾಂತರಗೊಂಡಿತು) ಈ ಪ್ರಶ್ನೆಯ ಬೆನ್ನು ಹತ್ತಿತ್ತು. ಮೆಕ್‌ಕ್ಯಾರಿಸನ್ ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಬೇರೆ ಬೇರೆ ಇಲಿಗಳ ಗುಂಪಿಗೆ ಹಾಕಿ ನೋಡಿದಾಗ, ಗೋಧಿರೊಟ್ಟಿ, ಹಾಲು, ಬೇಳೆ, ತರಕಾರಿಗಳ ಪಂಜಾಬೀ ಊಟವುಂಡ ಇಲಿಗಳು ಪೈಲ್ವಾನರಾದುವು. ಮದರಾಸಿನ ಅನ್ನದೂಟವುಂಡವು ಬಡಕಲಾಗಿ ಹಿಂದುಳಿದುವು. ಅವನ ನಂತರ ಬಂದ ಏಕ್ರಾಯ್ಡ್ ಮತ್ತು ಸಹೋದ್ಯೋಗಿಗಳು 1940ರಲ್ಲಿ ಅಕ್ಕಿಯ ಸಮಸ್ಯೆಯನ್ನು ಕುರಿತೇ ಒಂದು ದೊಡ್ಡ ವರದಿಯನ್ನು ಹೊರತಂದರು. ಮದರಾಸು ಪ್ರಾಂತದಲ್ಲಿ ಬೆರಿಬೆರಿ ಬೇರೂರಿದ್ದುದು ಗಿರಣಿಯ ಹಸಿಯಕ್ಕಿಯನ್ನು ಉಣ್ಣುತ್ತಿದ್ದ ಆಂಧ್ರದ ಉತ್ತರ ಕರಾವಳಿಯಲ್ಲಿ. ಕುದಿಸಿದ ಅಕ್ಕಿಯನ್ನು ಉಣ್ಣುವ ಸೀಮೆಗಳು ಬಹುಮಟ್ಟಿಗೆ ಪಾರಾಗಿದ್ದುವು.

ಕುದಿಸಿದ ಅಕ್ಕಿಯೆಂದರೆ ದಕ್ಷಿಣ ಕನ್ನಡದವರ ಕುಚ್ಚಲಕ್ಕಿಯೇ. ಘಟ್ಟದ ಮೇಲಿನವರು ಅದರ ದಪ್ಪ ಅಗುಳನ್ನು ಕಂಡು ಮೂಗು ಮುರಿಯುವುದುಂಟು; ಕರಾವಳಿಯವರು ಬೆಳ್ತಿಗೆ ಅನ್ನವುಂಡರೆ ಹೊಟ್ಟೆ ನಿಲ್ಲುವುದಿಲ್ಲವೆಂದು ಮರುಮಾತಾಡುವುದೂ ಉಂಟು. ಈ ವಾದದಲ್ಲಿ ವಿಜ್ಞಾನ ಕರಾವಳಿಯ ಪಕ್ಷ. ಭತ್ತವನ್ನು ನೆನೆಸಿ, ಉಮಿಯ ಸಮೇತ ಬೇಯಿಸಿದಾಗ ಪೊರೆಯಲ್ಲಿರುವ ಜೀವಸತ್ವ ನೀರಿನೊಡನೆ ಕಾಳಿನ ಒಡಲಿಗೆ ಇಳಿದು ಅಲ್ಲಿಯೇ ನೆಲೆಸುತ್ತದೆ. ಆಮೇಲೆ ಗಿರಣಿ ಎಷ್ಟು ಉಜ್ಜಿದರೂ ಅದನ್ನು ಪೂರ್ತಿಯಾಗಿ ಕದಿಯಲಾರದು. ನೂರು ಗ್ರಾಂ ಕುಚ್ಚಲಕ್ಕಿಯಲ್ಲಿ ಸುಮಾರು 0.2 ಮಿಲಿಗ್ರಾಂ ಉಳಿಯುತ್ತದೆ, ಬಿಳಿಯಕ್ಕಿಯ ಮೂರರಷ್ಟು. ಮೇಲಾಗಿ ಬೆಳಗಿನ ಗಂಜಿಯೂಟದಲ್ಲಿ ತಿಳಿಯನ್ನು ಚೆಲ್ಲುವ ಪ್ರಶ್ನೆಯೇ ಇಲ್ಲ. ಕುಚ್ಚಲಕ್ಕಿಯನ್ನು ಬಳಕೆಗೆ ತಂದವರು ಜೀವಸತ್ವವನ್ನು ಬಲ್ಲವರಲ್ಲ. ಕುದಿಸಿದ ಭತ್ತದ ಅಕ್ಕಿ ಗಿರಣಿಯಲ್ಲಿ ನುಚ್ಚಾಗುವುದು ಕಡಮೆ, ಹೊಟ್ಟೆಯಲ್ಲಿ ನಿಲ್ಲುವುದು ಹೆಚ್ಚು ಎಂಬುದಷ್ಟೇ ಅವರಿಗೆ ಸಾಕಾಗಿತ್ತು.

ಬಾಣಂತಿಯ ಕೋಣೆ

ಇದೆಲ್ಲ ಹಳೆಯ ಕಥೆ, ಈಗ ತರಕಾರಿ ಬೇಳೆಕಾಳುಗಳನ್ನು ಉಣ್ಣುವ ಮನೆಗಳಿಗೆ ಬೆರಿಬೆರಿ ಎಲ್ಲಿಂದ ಬಂದೀತು ಎಂದು ವಾಚಕರು ಕೇಳಬಹುದು. ಬಂದಿದೆ. ಬಂದ ಬಾಗಿಲು ಯಾವುದೆಂಬುದೇ ಇಲ್ಲಿ ಗಮನಿಸತಕ್ಕ ವಿಷಯ.

ಚೊಚ್ಚಲ ಹೆರಿಗೆಗೆ ತೌರಿಗೆ ಬಂದ ಮಗಳನ್ನು ಹೆತ್ತವರು ಕಣ್ಣರೆಪ್ಪೆಯಂತೆ ಕಾಯುತ್ತಾರೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಎಣ್ಣೆನೀರು, ಸಾಂಬ್ರಾಣಿ ಹೊಗೆ. ಊಟಕ್ಕೆ ಪಥ್ಯ: ಹಳೆಯ ಬಿಳಿಯಕ್ಕಿಯ ಮೆತ್ತನೆಯ ಅನ್ನ, ತುಪ್ಪ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ. ಬೇಳೆ ವಾಯು, ಸೊಪ್ಪು ಶೀತ, ಹಣ್ಣು ನೆಗಡಿ, ಹೆಚ್ಚು ನೀರು ಕುಡಿದರೆ ಹೊಟ್ಟೆ ಬರುತ್ತದೆ. “ಮೂರು ತಿಂಗಳು ಬಾಯಿ ಕಟ್ಟು ತಾಯಿ, ಆಮೇಲೆ ಏನು ಬೇಕಾದರೂ ತಿನ್ನುವೆಯಂತೆ” ಎಂದು ಅಜ್ಜಿ ಹೇಳುವಾಗ ಅದರಲ್ಲಿ ಅಕ್ಕರೆಯ ಹೊರತು ಬೇರೇನೂ ಇರುವುದಿಲ್ಲ. ಊಟವಾದ ಮೇಲೆ ಅಡಿಕೆ ಎಲೆ ಬೇರೆ. ಅಡಿಕೆಯ ಒಗರು ಇದ್ದಬದ್ದ ಥಯಮಿನ್ನನ್ನೂ ಕೆಲಸಕ್ಕೆ ಬಾರದಂತೆ ಮಾಡುತ್ತದೆ.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂತಹ ಕೋಣೆಗಳಿಂದ ಬಂದ ಕೂಸುಗಳನ್ನು ಕುರಿತದ್ದು. ವಯಸ್ಸು ಸುಮಾರು ಮೂರು ತಿಂಗಳು. ಆಹಾರ ಎದೆಹಾಲು ಮಾತ್ರ. ಹಾಲು ಬಿಟ್ಟು, ಎಡೆಬಿಡದೆ ಅತ್ತು, ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದವು. ಪರೀಕ್ಷಿಸಿದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ವಿಪರೀತ ಒತ್ತಡ, ಗುಂಡಿಗೆಯ ಬಲಭಾಗ ಹಿಗ್ಗಿ ಸೋಲುವ ಸ್ಥಿತಿ. ಹುಟ್ಟಿನ ದೋಷವೇನೂ ಕಾಣದು. ತಾಯಂದಿರನ್ನು ವಿಚಾರಿಸಿದಾಗ ಹೊರಬಂದದ್ದು ಸಂಪ್ರದಾಯದ ಪಥ್ಯ, ಬಿಳಿಯ ಅನ್ನ. ಥಯಮಿನ್ ಚುಚ್ಚುಮದ್ದನ್ನು ಕೊಟ್ಟಾಗ ಒಂದೆರಡು ದಿನಗಳಲ್ಲಿ ಕೂಸುಗಳು ಚೇತರಿಸಿಕೊಂಡವು. ಮನಿಲಾದ ಕಂದು ಕಷಾಯದ ಕಥೆ, ನೂರಕ್ಕೂ ಹೆಚ್ಚು ವರ್ಷಗಳ ಅನಂತರ, ಬೆಂಗಳೂರಿನಲ್ಲಿ! ಹೈದರಾಬಾದಿನ ವೈದ್ಯರೂ ಇಂತಹ ಕೂಸುಗಳನ್ನು ಕಂಡು ಬರೆದಿದ್ದಾರೆ. ಕಾಶ್ಮೀರದಲ್ಲಿಯೂ ಈ ರೋಗ ಎಳೆಗೂಸುಗಳನ್ನು ಕಾಡಿದ್ದುಂಟು.

ಈ ರೋಗವನ್ನು ನ್ಯುಮೋನಿಯಾ ಎಂದೋ ನಂಜು ಎಂದೋ ಭ್ರಮಿಸುವುದು ಸುಲಭ. ಎರಡರಿಂದ ನಾಲ್ಕು ತಿಂಗಳ, ಎದೆಹಾಲನ್ನೇ ಕುಡಿಯುವ ಕೂಸು ಇದ್ದಕ್ಕಿದ್ದಂತೆ ಹಾಲು ಬಿಟ್ಟು ಮೇಲುಸಿರು ಬಿಟ್ಟರೆ, ಅಳುವಿನ ದನಿ ಒಡೆದರೆ, ದೃಷ್ಟಿ ತೆಗೆಯುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ಬಾಣಂತಿ ಏನೇನು ಉಣ್ಣುತ್ತಿದ್ದಾಳೆಂಬುದನ್ನೂ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಎದೆಹಾಲನ್ನು ಬಿಡಿಸುವ ಆಲೋಚನೆ ಮಾತ್ರ ಸಲ್ಲದು. ಕೊರತೆಯಿರುವುದು ಹಾಲಿನಲ್ಲಿ ನಿಜ. ಅದು ತುಂಬಬೇಕಾದದ್ದು ತಾಯಿಯ ತಟ್ಟೆಯಿಂದ.

ಪಥ್ಯವೆಲ್ಲವನ್ನೂ ಮೌಢ್ಯವೆಂದು ತಳ್ಳಿಹಾಕುವ ಸುಶಿಕ್ಷಿತರ ಆತುರವೂ ಸರಿಯಲ್ಲ. ಉತ್ತರ ಕರ್ನಾಟಕದ ಅಂಟಿನುಂಡಿ, ಅಳ್ವಿ ಪಾಯಸ, ಮೆಂತ್ಯದ ಉಂಡೆ, ಹಾಲಿಗೆ ಒಳ್ಳೆಯದೆಂದು ಬಡಿಸುವ ಸಬ್ಬಸಿಗೆ ಸೊಪ್ಪು—ಇವೂ ಅದೇ ಅಜ್ಜಿಯರ ಕೈಯಡಿಗೆಯೇ. ಉಣ್ಣಿಸುವ ವಿಧಿಗೆ ಶ್ರಮ ಬೇಕು. ಉಣ್ಣಬೇಡವೆನ್ನುವ ನಿಷೇಧಕ್ಕೆ ಏನೂ ಬೇಡ. ಪಟ್ಟಣದ ಚಿಕ್ಕ ಮನೆಯಲ್ಲಿ ಮೊದಲನೆಯದು ಮರೆತು ಎರಡನೆಯದು ಉಳಿದರೆ ಆಶ್ಚರ್ಯವಿಲ್ಲ.

ಥಯಮಿನ್ ಕೊರತೆ ಕಣ್ಣಿಗೆ ಕಾಣದ ಹಲವು ಕೊರತೆಗಳಲ್ಲಿ ಒಂದು ಮಾತ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿ ರಕ್ತಹೀನರು. ಅವರೆಲ್ಲರೂ ಉಪವಾಸವಿದ್ದವರಲ್ಲ. 2021ರಲ್ಲಿ ಸರ್ಕಾರ ಘೋಷಿಸಿದ ಸಾರವರ್ಧಿತ ಪಡಿತರ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ‘ಬಿ-12’ ಈ ಮೂರನ್ನು ಕಡ್ಡಾಯವಾಗಿ ಸೇರಿಸುವ ಏರ್ಪಾಡಾಯಿತು. ‘ಬಿ-1’ ಆ ಪಟ್ಟಿಗೆ ಸೇರಲಿಲ್ಲ. ಗಿರಣಿ ತೆಗೆದದ್ದನ್ನು ಅಡಿಗೆಮನೆಯೇ ತುಂಬಿಕೊಳ್ಳಬೇಕು.

ಅದೇನೂ ಕಷ್ಟದ ಕೆಲಸವಲ್ಲ. ನೂರು ಗ್ರಾಂ ರಾಗಿಯಲ್ಲಿ 0.42 ಮಿಲಿಗ್ರಾಂ, ಇಡಿ ಗೋಧಿಯಲ್ಲಿ 0.45, ಕಡಲೆಬೇಳೆಯಲ್ಲಿ 0.48, ಕಡಲೆಕಾಯಿ ಬೀಜದಲ್ಲಿ 0.9 ಮಿಲಿಗ್ರಾಂ ಈ ಜೀವಸತ್ವವಿದೆ. ಹಬ್ಬದ ಅನ್ನಕ್ಕಿಂತ ಕೀಳೆಂದು ಎಣಿಸಿದ ಮುದ್ದೆಯೇ ಇಲ್ಲಿ ಏಳು ಪಾಲು ಮೇಲು. ಅಕ್ಕಿಯನ್ನು ಒಂದೇ ಸಲ, ಹೆಚ್ಚೆಂದರೆ ಎರಡು ಸಲ, ತಿಕ್ಕದೆ ತೊಳೆದರೆ ಸಾಕು. ಗಂಜಿ ಬಸಿಯುವ ಕೆಲಸವನ್ನು ಕುಕ್ಕರು ಹೇಗೂ ತಪ್ಪಿಸಿದೆ. ಬೇಳೆ ಬೇಗ ಬೇಯಲೆಂದು ಹಾಕುವ ಚಿಟಿಕೆ ಸೋಡ ಈ ಜೀವಸತ್ವಕ್ಕೆ ಶತ್ರು. ಬೇಳೆಯನ್ನು ಮುಂಚಿತವಾಗಿ ನೆನೆಸಿಟ್ಟರೆ ಅದು ಬೇಕಾಗುವುದೇ ಇಲ್ಲ.

ಬಾಣಂತಿಯ ವಿಷಯದಲ್ಲಿ ಅಜ್ಜಿಯೊಡನೆ ವಾದಕ್ಕಿಳಿಯುವುದಕ್ಕಿಂತ, ಅಜ್ಜಿ ಒಪ್ಪುವ ಪದಾರ್ಥಗಳನ್ನು ಹುಡುಕುವುದು ಮೇಲು. ಹೆಸರುಬೇಳೆ ಹಗುರವೆಂದು ಆಕೆಯೂ ಬಲ್ಲಳು. ಜೀರಿಗೆ, ಇಂಗು ಹಾಕಿದ ಹೆಸರುಬೇಳೆಯ ತೊವ್ವೆಗೆ ವಾಯುವಿನ ಆಕ್ಷೇಪಣೆ ಬರುವುದು ಕಡಮೆ. ಸಬ್ಬಸಿಗೆಗೆ ಅನುಮತಿ ಮೊದಲೇ ಇದೆ. ರಾಗಿಯ ಗಂಜಿ ತಂಪೆಂದು ಗೊಣಗಿದರೆ ಒಣಶುಂಠಿಯ ಪುಡಿಯನ್ನು ಬೆರೆಸಿ ಬಿಸಿಬಿಸಿಯಾಗಿ ಕೊಡಬಹುದು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮರೆಯದೆ ನುಂಗಿಸುವ ಕೆಲಸವನ್ನು ಅಜ್ಜಿಗೇ ಒಪ್ಪಿಸಿದರಂತೂ, ಲೇಹ್ಯವನ್ನು ಹೊತ್ತಿಗೆ ಸರಿಯಾಗಿ ನೆಕ್ಕಿಸುವಾಕೆ ಅದನ್ನೂ ಒಂದು ದಿನ ತಪ್ಪಿಸಲಾರಳು.